ಒಂದೇ ವರ್ಷಕ್ಕೆ ಎರಡು ಹೆಸರು

ಕವಾಚಿ ಸೀಮೆ, ಬೆಟ್ಟದ ಬುಡದ ಮನೆಯಿಂದ
ಶೋಹೆಯಿ ಏಳನೆಯ ವರ್ಷ, ಮೊದಲನೆಯ ತಿಂಗಳು

ನನ್ನ ಅಕೊಮೆಗೆ, ಹೊಟ್ಟೆಯಲ್ಲಿರುವ ಕೂಸಿಗೂ ಸೇರಿಸಿ, ಅಮ್ಮನ ಆಶೀರ್ವಾದ.

ನಿನ್ನ ಓಲೆ ಮೀನು ಮಾರುವವಳ ಬುಟ್ಟಿಯಲ್ಲಿ ಬಂತು. ಹೆರಿಗೆಗೆ ತವರಿಗೇ ಬರುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಹಿಮ ಕರಗುವವರೆಗೆ ಕಾಯಬೇಡ, ಬೇಗ ಬಾ. ನಿನ್ನನ್ನು ಬಿಟ್ಟರೆ ನನಗೆ ಈಗ ಯಾರೂ ಇಲ್ಲ.

ಆದರೆ ಅದೇ ಓಲೆಯಲ್ಲಿ, ಅಣ್ಣ ಜ್ವರದಿಂದ ಹೋದನಂತೆ ಎಂದೂ ಬರೆದಿದ್ದೀಯೆ. ಹಾಗೆಂದು ಹೇಳಿದವನು ನಿನ್ನ ಗಂಡನೇ ಇರಬೇಕು. ಯಾಗೊರೋಗೆ ಯಾವ ಜ್ವರವೂ ಬಂದಿರಲಿಲ್ಲ ಮಗಳೇ. ಅವನನ್ನು ಕಡಿದರು.

ಹೋದ ವರ್ಷ ನಿಮ್ಮಪ್ಪನ ಮೂರನೆಯ ವರ್ಷದ ತಿಥಿಗೆ ನಿಮ್ಮಣ್ಣನೇ ಕಲ್ಲು ಕೆತ್ತಿ ನಿಲ್ಲಿಸಿದ್ದ. ಹೆಸರಿನ ಕೆಳಗೆ ಆ ವರ್ಷ, ‘ಶೋಹೆಯಿ ಆರು’ ಎಂದಿತ್ತು; ಶೋ ಒಂದಕ್ಷರ, ಹೆಯಿ ಇನ್ನೊಂದು. ಅದು ಬೆಟ್ಟದ ಮೇಲಿನ ದೊರೆಯ ಆಸ್ಥಾನ ವರ್ಷಕ್ಕೆ ಇಟ್ಟ ಹೆಸರು. ರಾಜಧಾನಿಯವರಿಗೆ ಅದೇ ವರ್ಷ ಕನ್ನೋ ಎರಡು. ಅದೇ ಬತ್ತ, ಅದೇ ಕೊಯ್ಲು, ಹೆಸರು ಮಾತ್ರ ಎರಡು. ಯಾವ ಹೆಸರು ಬರೆದೆಯೋ ಆ ದೊರೆಯ ಆಳು ನೀನು. ಒಂಬತ್ತನೆಯ ತಿಂಗಳಲ್ಲಿ ರಾಜಧಾನಿಯ ಕಡೆಯ ದಂಡು ಹೊಳೆ ದಾಟಿ ಬಂದು ಗೋರಿಗಲ್ಲುಗಳನ್ನು ಒಂದೊಂದಾಗಿ ಓದತೊಡಗಿತು. ಬದುಕಿದ್ದವರ ಮೇಲೆ ನಡೆಸಿದ ದರ್ಬಾರು ಸಾಲದೆ ಸತ್ತವರ ಮೇಲೂ ನಡೆಸಬೇಕಿತ್ತು ಇವರಿಗೆ. ಮಠದ ಗಂಟೆಯ ಮೇಲೂ ಶೋಹೆಯಿ ಎಂದಿತ್ತೆಂದು ಮುದುಕ ಭಿಕ್ಷುವನ್ನು ಆ ಗಂಟೆಯ ಕಂಬಕ್ಕೇ ಕಟ್ಟಿ ಸುಟ್ಟರು.

ಆ ದಂಡಿನಲ್ಲಿ ನಿನ್ನ ಗಂಡ ತೋನಾಯಿಯೂ ಇದ್ದ. ಅವನು ಗೋಗರೆದದ್ದು ನಿಜ, ಇಲ್ಲವೆನ್ನಬಾರದು. “ಎರಡಕ್ಷರ ತಾನೇ ಭಾವಾ, ಕೆತ್ತಿ ಬಿಸಾಕು, ಮನೆಗೆ ಹೋಗಿ ಉಣ್ಣೋಣ” ಎಂದ. ನಿಮ್ಮಣ್ಣನ ಬಾಯಿ ನಿನಗೆ ಗೊತ್ತಲ್ಲ. “ಅಳಿಸಿದ್ರೆ ಅಪ್ಪ ಎದ್ದು ಬರ್ತಾನಾ ಹೇಳು, ಈಗ್ಲೇ ಅಳಿಸ್ತೀನಿ. ಇಲ್ಲಾಂದ್ರೆ ನಿಮ್ಮ ದೊರೇನೇ ಬಂದು ಉಳಿ ಹಿಡೀಲಿ” ಎಂದುಬಿಟ್ಟ. ಊರಿನವರು ನಕ್ಕರು. ಆ ನಗುವೇ ಅವನಿಗೆ ಮುಳುವಾಯಿತು. ದಳಪತಿ ತೋನಾಯಿಯ ಕಡೆ ತಿರುಗಿ, “ನಿನ್ ಹೆಂಡ್ತಿ ಅಣ್ಣ ಅಲ್ವೇನೋ ಇವ್ನು? ನೀನೇ ಮುಗಿಸು. ಆಗಲ್ಲಾಂದ್ರೆ ಇಬ್ರದೂ ತಲೆ ಹೋಗುತ್ತೆ” ಎಂದ.

ತೋನಾಯಿ ಕಣ್ಣು ಮುಚ್ಚಿಕೊಂಡು ಕತ್ತಿ ಬೀಸಿದ. ಮೊದಲ ಏಟು ಹೆಗಲಿಗೆ ಬಿತ್ತು. ನಿಮ್ಮಣ್ಣ ಮಣ್ಣಿನ ಮೇಲೆ ಬಿದ್ದು ನನ್ನನ್ನು ಕೂಗಿದ. ಇನ್ನೊಂದು ಏಟು ದವಡೆಯನ್ನು ಸೀಳಿತು. ಆಮೇಲೂ ಉಸಿರು ಇತ್ತು. ನನ್ನನ್ನು ಇಬ್ಬರು ಹಿಡಿದುಕೊಂಡಿದ್ದರು. ಕೊನೆಗೊಮ್ಮೆ ಕತ್ತು ಕಡಿದು ಬಿದ್ದ ಮೇಲೆ ಉಳಿಯನ್ನು ತಂದು ನನ್ನ ಕೈಗೆ ಕೊಟ್ಟರು. ಗಂಡನ ಕಲ್ಲಿನಿಂದ ಆ ಅಕ್ಷರಗಳನ್ನು ನಾನೇ ಕೆತ್ತಿ ತೆಗೆದೆ. ಕಲ್ಲಿನ ಮೇಲೆ ಸಿಡಿದಿದ್ದ ರಕ್ತ ಇನ್ನೂ ಬೆಚ್ಚಗಿತ್ತು.

ಹನ್ನೊಂದನೆಯ ತಿಂಗಳಲ್ಲಿ ದೊಡ್ಡವರು ರಾಜಿಯಾದರು. ರಾಜಧಾನಿಯವರೇ ಕನ್ನೋವನ್ನು ಕೈಬಿಟ್ಟು ಶೋಹೆಯಿ ಎಂದು ಬರೆಯತೊಡಗಿದರು. ನಿನ್ನ ಅತ್ತೆಮನೆಯಿಂದ ಬಂದ ಓಲೆಯ ಮೇಲೂ ಅದೇ ಇದೆ. ಯಾವ ಎರಡಕ್ಷರಕ್ಕೆ ನನ್ನ ಮಗ ಸತ್ತನೋ ಅದನ್ನು ಈಗ ಅವನನ್ನು ಕೊಂದವರೇ ಬರೆಯುತ್ತಾರೆ.

ಇನ್ನು, ಗಂಡ ಅಲ್ಲಿಗೆ ಬಂದಿದ್ದನೇ ಎಂದು ನೀನು ಕೇಳಿದ್ದಕ್ಕೆ ಉತ್ತರ. ಹೌದು, ತೋನಾಯಿ ಹೋದ ತಿಂಗಳು ಇಲ್ಲಿಗೆ ಬಂದಿದ್ದ. ಅಳಿಸಿದ ಕಲ್ಲುಗಳ ಮೇಲೆಲ್ಲ ಮತ್ತೆ ಶೋಹೆಯಿ ಎಂದು ಕೆತ್ತಿಸಬೇಕೆಂಬ ಅಪ್ಪಣೆ ತಂದಿದ್ದ. ನವಣೆ ಗಂಜಿ ಕುಡಿದು ಹೊರಟ. ಕಣಿವೆಯಲ್ಲಿ, ದಂಡು ಬಿಟ್ಟು ಓಡಿಬಂದ ಯಾರೋ ಅವನ ತಲೆ ಒಡೆದು ಹಾಕಿದ್ದರು. ಹೆಣ ತರಿಸಿ ನಿಮ್ಮಣ್ಣನ ಪಕ್ಕದಲ್ಲೇ ಹೂಳಿಸಿದೆ. ಅಳು, ಬೇಡವೆನ್ನುವುದಿಲ್ಲ. ಆದರೆ ಊಟ ಬಿಡಬೇಡ, ಹೊಟ್ಟೆಯಲ್ಲಿ ಕೂಸಿದೆ. ಯಾರನ್ನಾದರೂ ಜೊತೆ ಮಾಡಿಕೊಂಡು ಬಂದುಬಿಡು.

ನಿನ್ನ ದಾರಿ ಕಾಯುತ್ತಿರುವ
ಅಮ್ಮ ಮ್ಯೋಚಿ

ಬರೆದು ಮುಗಿಸಿದ ಮೇಲೆ:

ಓಲೆ ಮಡಿಸಲು ಕೂತೆ, ಕೈ ಬರಲಿಲ್ಲ. ಸುಳ್ಳು ಹೇಳಿ ಕರೆಸಿಕೊಂಡು ನಿನ್ನ ಮುಖವನ್ನು ಹೇಗೆ ನೋಡಲಿ? ತೋನಾಯಿ ನಮ್ಮ ಮನೆಯಿಂದ ಹೊರಡಲೇ ಇಲ್ಲ. ಗಂಜಿ ಕುಡಿಯುತ್ತ, “ಎರಡು ತಿಂಗ್ಳು ಬಾಯಿ ಮುಚ್ಕೊಂಡಿದ್ದಿದ್ರೆ ಭಾವ ಬದುಕ್ತಿದ್ದ ಅತ್ತೆ, ಆತುರ ಬಿದ್ದ” ಎಂದ. ಹೇಳುವಾಗ ಅವನ ಕಣ್ಣಲ್ಲಿ ನೀರೂ ಇತ್ತು. ನಾನು ಹಿಂದಿನಿಂದ ಸುತ್ತಿಗೆಯಿಂದ ಹೊಡೆದೆ. ಮೊದಲ ಏಟಿಗೇ ಸತ್ತಿದ್ದ. ನಾನು ನಿಲ್ಲಿಸಲಿಲ್ಲ. ಊರ ಸೂಲಗಿತ್ತಿಯನ್ನು ಆ ದಂಡು ಉಳಿಸಿಲ್ಲ. ಇಷ್ಟು ತಿಳಿದ ಮೇಲೂ ಬರುವುದಾದರೆ ಬಾ. ನಿನ್ನ ಕೂಸನ್ನು ಹಿಡಿಯಲು ಇಲ್ಲಿರುವುದು ಇದೇ ಕೈ.