ಬೇಗ ಬಾ, ಬೀಗ ಬಿದ್ದಿದೆ

ದೊರೆ ಬಂಗಲೆಯ ದೊಡ್ಡ ಹಾಲ್, ಬಾಗಿಲಿನ ಒಳಗಡೆ.
ಹಳೇ ಬಾವುಟ ಇಳಿದ ದಿನ. ಹೊಸದು ಇನ್ನೂ ಏರಿಲ್ಲ.

ನನ್ನ ಮುದ್ದು ಚಿಲಕವೇ,

ಹೇಗಿದೀಯಮ್ಮಾ? ಕೆಮ್ಮು ಕಮ್ಮಿ ಆಯ್ತಾ? ಜೈಲಿನ ಗೋಡೆ ತಂಪು, ಬೆನ್ನು ಕೊಟ್ಟು ಮಲಗಬೇಡ. ನಿಮ್ಮಪ್ಪ ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಗಟ್ಟಿ. ಹಲ್ಲು ಬಿಟ್ಕೊಂಡೇ ಇದನ್ನ ಬರೀತಿದೀನಿ.

ಸಮಾಚಾರ ಏನಪ್ಪಾ ಅಂದ್ರೆ, ನಮ್ಮ ದೇಶ ಸ್ವತಂತ್ರ ಆಗೋಕೆ ಬಾಗಿಲೇ ತೆಗೀತಿಲ್ಲ. ಬೆಳಿಗ್ಗೆ ದೊರೆ ತಮ್ಮ ಬಾವುಟ ಇಳಿಸಿ, ಮಡಚಿ, ಕಂಕುಳಲ್ಲಿ ಇಟ್ಕೊಂಡು ಒಳಗೆ ಬಂದ್ರು. ಅವರು ಹಾಲ್‌ಗೆ ಒಳಗಡೆಯಿಂದ ಬೀಗ ಹಾಕಿ ಕೀಲಿನ ನಮ್ಮ ನಾಯಕರ ಕೈಗೆ ಕೊಡೋದು, ಇವರು ಬೀಗ ತೆಗೆದು ಮೈದಾನಕ್ಕೆ ಹೋಗಿ ಹೊಸ ಬಾವುಟ ಏರಿಸೋದು, ಇದು ಕಾರ್ಯಕ್ರಮ. ಕೀಲಿ ಮಾಡಿದ್ದು ಇನ್ಯಾರು, ಬೀಗ ರಿಪೇರಿಯ ನಿಮ್ಮಪ್ಪಾನೇ. ಮೊಳದುದ್ದ, ಚಿನ್ನದ ನೀರು ಕುಡಿಸಿದ್ದು. ದೊರೆ ತಿರುಗಿಸಿದ್ರು, ಬೀಗ ಬಿತ್ತು. ನಾಯಕರು ತಿರುಗಿಸಿದ್ರು, ಕೀಲಿ ಮುರೀತು. ಬೀಗ್ತಾ ಇದ್ದೋರೆಲ್ಲ ಬೀಗದೊಳಗೆ! ಒಡೆಯರು ಕಟ್ಟಿಸಿದ ಕಬ್ಬಿಣದ ಬಾಗಿಲು, ಒಡೆಯೋಕಾಗಲ್ಲ. ಕಿಟಕಿಗೆಲ್ಲ ಸರಳು, ನಮ್ಮ ಜನ ನುಗ್ಗಬಾರದು ಅಂತ ಅವರೇ ಹಾಕಿಸಿದ್ದು. ಒಳಗೆ ಸೆಕೆಯೋ ಸೆಕೆ. ದೊರೆ ಕೋಟು ಬಿಚ್ಚಿ ಕೂತಿದಾರೆ, ನಾಯಕರು ಬಾಗಿಲು ಗುದ್ದಿ ಗುದ್ದಿ ಕೈ ಊದಿಸ್ಕೊಂಡಿದಾರೆ. ಮೈದಾನದಲ್ಲಿ ಜನ ಆ ಸದ್ದನ್ನ ಡೋಲು ಅಂದ್ಕೊಂಡು ಬೋಳು ಕಂಬದ ಸುತ್ತ ಕುಣೀತಿದಾರೆ.

ಬೀಗ ಬೀಳೋಕೆ ಮುಂಚೆ ನಿನ್ನ ಬಿಡುಗಡೆ ಕೇಳಿದ್ದೆ. ಕಂದಾಯದ ಸಾಹೇಬರನ್ನ ಕಚೇರಿಯೊಳಗೇ ಕೂಡಿ ಬೀಗ ಜಡಿದೋಳಲ್ವಾ ನೀನು, ಆ ಕೋಪ ದೊರೆಗೆ ಇನ್ನೂ ಆರಿಲ್ಲ. "ನನ್ನ ಅಧಿಕಾರ ಬಾವುಟದ ಜೊತೆ ಇಳೀತು" ಅಂದ್ರು. "ನಂದು ಬಾವುಟದ ಜೊತೆ ಏರ್ಬೇಕಲ್ಲಪ್ಪ. ಆಮೇಲೂ ಹೊಸ ಕಾಯ್ದೆ ಬರೋವರೆಗೂ ಹಳೇ ಕಾಯ್ದೇನೇ" ಅಂದ್ರು ನಮ್ಮೋರು. ಕಾಯ್ದೆ ಕಾಯ್ದೆ ಅಂತ ನಾನೆಷ್ಟು ಕಾಯ್ದೆ, ಮಗಳೇ! ಎರಡು ಬಾವುಟದ ಸಂದಿಯಲ್ಲಿ ನೀನು ಸಿಕ್ಕಿಕೊಂಡೆ. ಆಳೋರು ಬದಲಾದ್ರೂ ಆಳು ಆಳೇ.

ಈಗ ಮುರಿದ ತುಂಡು ಬೀಗದಲ್ಲಿ ಕಚ್ಕೊಂಡಿದೆ, ಹೊರಗಡೆಯಿಂದಲೇ ತಳ್ಳಬೇಕು. ಆ ಕೈಚಳಕ ಇರೋರು ಊರಲ್ಲಿ ಇಬ್ಬರೇ. ಒಬ್ಬ ಇಲ್ಲಿ ಒಳಗಿದಾನೆ, ಇನ್ನೊಬ್ಬಳು ಅಲ್ಲಿ ಒಳಗಿದಾಳೆ. ಹೀಗಂದಿದ್ದೇ ತಡ, ಒಬ್ಬರದು ಇಳಿದದ್ದು, ಇನ್ನೊಬ್ಬರದು ಏರದೇ ಇದ್ದದ್ದು ಎಲ್ಲ ಮರೆತು, ಇಬ್ಬರೂ ನಿನ್ನ ಬಿಡುಗಡೆಯ ಒಂದೇ ಕಾಗದಕ್ಕೆ ಸಹಿ ಹಾಕಿದ್ರು! ಅದನ್ನೂ ಈ ಪತ್ರಾನೂ ಬಾಗಿಲ ಕೆಳಗಿನಿಂದ ಪಹರೆಯವನಿಗೆ ತಳ್ತಿದೀನಿ. ಇದು ಬೀಗ ತೆಗೆಯೋ ವಿಧಾನ ಅಂತ ಇವರಿಗೆ ಹೇಳಿದೀನಿ.

ನಿನ್ನ ಕೈ ಮುಟ್ಟಿದ ಬಾಗಿಲೆಲ್ಲ ತೆರೀಲಿ, ತಾಯಿ.

ಇಂತಿ, ತಾನೇ ಮಾಡಿದ ಕೀಲಿ ಮುರಿದು ಬೀಗದೊಳಗೆ ಸಿಕ್ಕಿಬಿದ್ದ
ನಿಮ್ಮಪ್ಪ

ತಾ.ಕ.: ಕೀಲಿಯ ಕುತ್ತಿಗೆನ ಅರದಿಂದ ಉಜ್ಜಿ ಸವೆಸಿದ್ದು ನಾನೇ. ಉಸಿರೆತ್ತಬೇಡ, ಹೊಸ ದೇಶದ ಮೊದಲನೇ ಕೈದಿ ಆಗ್ಬಿಡ್ತೀನಿ. ಇನ್ನೊಂದು. ಕಾಗದದಲ್ಲಿ ಇರೋದು ನಿನ್ನೊಬ್ಬಳ ಹೆಸರು. ನಿನ್ನ ಜೊತೆ ಜೈಲಿಗೆ ಹೋದೋರೆಲ್ಲ ಇನ್ನೂ ಅಲ್ಲೇ ಇದಾರೆ. ಬಾಗಿಲ ಹತ್ರ ಬಂದು, ಅವರ ಕಾಗದಕ್ಕೂ ಸಹಿ ಬಿದ್ದು ಈಚೆ ಬರೋವರೆಗೂ ಸುಮ್ನೆ ತಡಕಾಡ್ತಿರು. ಬೇಗ ಬಾ ಮಗಳೇ, ಬೀಗ ಮಾತ್ರ ಬೇಗ ತೆಗೀಬೇಡ. ನಂಗೇನೂ ಅವಸರ ಇಲ್ಲ.