ಪರದೆ ಎಳೆದವಳಿಗೂ ಶಿಕ್ಷೆ, ಎಳೆಯದವಳಿಗೂ ಶಿಕ್ಷೆ

ಮಾನ್ಯ ಪ್ರಾಂಶುಪಾಲರೇ,

ತಮ್ಮ ಕಾಲೇಜಿನ ನಾಟಕದಲ್ಲಿ ರಂಗದ ಮೇಲಿನ ಮರದ ಅಟ್ಟಣಿಗೆ ಕುಸಿದು ಒಬ್ಬ ವಿದ್ಯಾರ್ಥಿನಿಯ ಬೆನ್ನುಮೂಳೆ ಮುರಿದ ಬಗ್ಗೆ ತಾವು ನಡೆಸಿದ ವಿಚಾರಣೆಯ ವರದಿ ನನ್ನ ಕೈಸೇರಿದೆ. ಒಂಬತ್ತು ಪುಟ. ಕೊನೆಯಲ್ಲಿ ತೀರ್ಮಾನ ಒಂದೇ ಸಾಲು: ‘ವಿದ್ಯಾರ್ಥಿ ನಾಯಕತ್ವದ ವೈಫಲ್ಯ’. ಆ ವಿಫಲ ನಾಯಕಿ ನನ್ನ ಮಗಳು. ಅವಳನ್ನು ಕಾಲೇಜಿನಿಂದ ಹೊರಹಾಕಿದ್ದೀರಿ. ಅವಳದ್ದೇನೂ ತಪ್ಪಿಲ್ಲ ಎಂದು ವಾದಿಸಲು ನಾನು ಬಂದಿಲ್ಲ. ತಪ್ಪಿದೆ. ಆ ತಪ್ಪನ್ನು ಅವಳಿಗೆ ಕಲಿಸಿದವರು ಯಾರು ಎಂಬುದು ಮಾತ್ರ ಒಂಬತ್ತು ಪುಟ ತಿರುವಿದರೂ ಸಿಗುವುದಿಲ್ಲ. ಅದನ್ನು ನಾಲ್ಕು ಜನರೆದುರು ಹೇಳಬೇಕಾಗಿದೆ.

ಎರಡು ವರ್ಷದ ಹಿಂದೆ ತಾವು ಒಂದು ಘೋಷಣೆ ಮಾಡಿದಿರಿ. ಇನ್ನು ಮೇಲೆ ಕಾಲೇಜಿನ ನಾಟಕವನ್ನು ಪೂರ್ತಿ ವಿದ್ಯಾರ್ಥಿಗಳೇ ನಡೆಸುತ್ತಾರೆ, ನಿರ್ದೇಶನದಿಂದ ಹಿಡಿದು ಪರದೆ ಎಳೆಯುವವರೆಗೆ. “ನಾಟಕ ನಿಮ್ಮದು, ನಿರ್ಧಾರವೂ ನಿಮ್ಮದು” ಎಂದಿರಿ. ಸಭಾಂಗಣವೆಲ್ಲ ಚಪ್ಪಾಳೆ. ಪಾಲಕರ ಸಾಲಿನಲ್ಲಿ ಕುಳಿತು ನಾನೂ ತಟ್ಟಿದೆ.

ಆ ವರ್ಷ ಸ್ಟೇಜ್ ಮ್ಯಾನೇಜರ್ ಆದವಳು ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡವಳು. ಹುಡುಗರೆಲ್ಲ ಅವಳನ್ನು ‘ಟೇಪು’ ಎಂದೇ ಕರೆಯುತ್ತಿದ್ದರು. ಸೊಂಟಕ್ಕೆ ಸದಾ ಅಳತೆ ಟೇಪು ಸಿಕ್ಕಿಸಿಕೊಂಡು ಓಡಾಡುವ ಹುಡುಗಿ. ನನ್ನ ಮಗಳು ಅವಳ ಸಹಾಯಕಿ. ಪ್ರದರ್ಶನದ ದಿನ ಮೊದಲ ಅಂಕ ಮುಗಿದಾಗ ಟೇಪು ಅಟ್ಟಣಿಗೆಯ ಕೆಳಗೆ ನುಸುಳಿ ನೋಡಿದ್ದಾಳೆ. ಹಿಂದಿನ ಕಂಬ ಬುಡದಲ್ಲಿ ಸೀಳಿತ್ತು. ಮುಂದಿನ ದೃಶ್ಯದಲ್ಲಿ ಅದರ ಮೇಲೆ ಹನ್ನೊಂದು ಜನ ನಿಲ್ಲಬೇಕು. ಪರದೆ ಎಳೆಸಿ, ಸಭಾಂಗಣದ ದೀಪ ಹಾಕಿಸಿ, ಮುಂದೆ ಬಂದು ಕೈಮುಗಿದು ನಾಟಕ ನಿಲ್ಲಿಸಿದ್ದೇವೆ ಎಂದಳು. ಮುಂದಿನ ಸಾಲಿನಲ್ಲಿ ತಮ್ಮ ಗಣ್ಯ ಅತಿಥಿಗಳಿದ್ದರು.

ತಾವು ನೇಪಥ್ಯಕ್ಕೆ ನುಗ್ಗಿ ಬಂದದ್ದನ್ನು ನನ್ನ ಮಗಳು ಹೇಳಿದ್ದಾಳೆ.

“ಯಾರನ್ನ ಕೇಳಿ ಪರದೆ ಎಳೆಸ್ದೆ?”

“ಸರ್, ನಿರ್ಧಾರ ನಮ್ಮದೇ ಅಂತ ನೀವೇ ಹೇಳಿದ್ರಲ್ಲ.”

“ಬಿತ್ತಾ? ಏನಾದ್ರೂ ಬಿತ್ತಾ? ತೋರ್ಸು!”

ಬಿದ್ದಿರಲಿಲ್ಲ. ಅದೇ ಅವಳ ಅಪರಾಧವಾಯಿತು. ಬೀಳದ ಅಟ್ಟಣಿಗೆಯನ್ನು ಬೀಳುತ್ತಿತ್ತು ಎಂದು ರುಜುವಾತು ಮಾಡುವುದು ಹೇಗೆ ಸ್ವಾಮಿ? ವಾರದೊಳಗೆ ಅವಳ ನಡತೆ ಪತ್ರದಲ್ಲಿ ‘ಅಶಿಸ್ತು, ಸಂಸ್ಥೆಗೆ ಮುಜುಗರ’ ಎಂದು ಬರೆದು ಸಹಿ ಹಾಕಿದಿರಿ. ಆ ಒಂದು ಸಾಲಿಗಾಗಿ ರಂಗ ತರಬೇತಿ ಶಾಲೆಯವರು ಅವಳ ಅರ್ಜಿಯನ್ನು ವಾಪಸು ಕಳಿಸಿದರು. ಅಟ್ಟಣಿಗೆಗೆ ಶಿಸ್ತುಕ್ರಮವೇನೂ ಆಗಲಿಲ್ಲ. ಸೀಳಿದ ಕಂಬಕ್ಕೆ ತಗಡಿನ ಪಟ್ಟಿ ಹೊಡೆದು, ಮೇಲೆ ಬಣ್ಣ ಬಳಿದು ಉಗ್ರಾಣಕ್ಕೆ ಸೇರಿಸಿದರು.

ಮರುವರ್ಷ ನನ್ನ ಮಗಳು ಸ್ಟೇಜ್ ಮ್ಯಾನೇಜರ್. ಅದೇ ಅಟ್ಟಣಿಗೆ. ತಾಲೀಮಿನಲ್ಲಿ ಅದು ಅಲ್ಲಾಡುತ್ತದೆ ಎಂದು ತಮಗೆ ಬರೆದು ಕೊಟ್ಟಳು. ಅದರ ಮೇಲೆ ತಾವು ಹಸಿರು ಶಾಯಿಯಲ್ಲಿ ‘ತಮ್ಮ ಹಂತದಲ್ಲೇ ಬಗೆಹರಿಸಿಕೊಳ್ಳುವುದು’ ಎಂದು ಗೀಚಿ ಮರಳಿಸಿದಿರಿ. ಆ ಹಾಳೆ ನನ್ನ ಬಳಿ ಇದೆ, ಪ್ರತಿಯನ್ನು ಇದರೊಂದಿಗೆ ಕಳಿಸಿದ್ದೇನೆ. ತಮ್ಮ ವರದಿಯಲ್ಲಿ ಅದರ ಸುದ್ದಿಯೇ ಇಲ್ಲ.

ಈಗ ನನ್ನ ಸರದಿ. ನಾನು ಬಸ್ ಕಂಡಕ್ಟರ್, ಹತ್ತೊಂಬತ್ತು ವರ್ಷದ ಸರ್ವೀಸು. ನಾನು ಸೀಟಿ ಊದಿದರೆ ಎಂಥ ಹಿರಿಯ ಡ್ರೈವರೂ ಬ್ರೇಕ್ ಒತ್ತಲೇಬೇಕು, ಯಾಕೆ ಎಂದು ಆಮೇಲೆ ಕೇಳಬೇಕು. ಇಷ್ಟು ತಿಳಿದವಳು ನಾನು ಮಗಳಿಗೆ ಏನು ಹೇಳಿದೆ ಗೊತ್ತೆ? ಪ್ರದರ್ಶನದ ದಿನ ಬೆಳಿಗ್ಗೆ ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು.

“ಅಮ್ಮಾ, ಇವತ್ತು ಹತ್ತಿ ನೋಡಿದಾಗ್ಲೂ ಅಲ್ಲಾಡಿದ್ರೆ ನಿಲ್ಲಿಸ್ಬಿಡ್ಲಾ?”

“ಊರ ಉಸಾಬರಿ ನಿನಗ್ಯಾಕೆ? ಆ ಹುಡುಗಿ ಗತಿ ಏನಾಯ್ತು ನೋಡಿದ್ಯಲ್ಲ. ಕೊನೇ ವರ್ಷ, ಹೇಗೋ ಮುಗಿಸ್ಕೊಂಡು ಬಾ.”

“ಸರಿ” ಎಂದಳು. ಎದುರು ಮಾತಾಡದ ಮಗು ಅದು. ಮಾತಾಡಿದ್ದರೆ ಚೆನ್ನಾಗಿತ್ತು.

ಸಂಜೆ ಎರಡನೇ ಅಂಕದಲ್ಲಿ ಅವಳು ರಂಗದ ಪಕ್ಕದಲ್ಲಿ ಪರದೆಯ ಹಗ್ಗ ಹಿಡಿದೇ ನಿಂತಿದ್ದಳಂತೆ. ತಗಡಿನ ಪಟ್ಟಿ ಬಿಟ್ಟುಕೊಳ್ಳುವುದು ಕಂಡಿತಂತೆ. ಮುಂದಿನ ಸಾಲಿನಲ್ಲಿ ತಾವು ಕುಳಿತಿರುವುದೂ ಕಂಡಿತಂತೆ. ಇನ್ನೆರಡು ಮಾತು, ದೃಶ್ಯ ಮುಗಿಯುತ್ತದೆ ಎಂದುಕೊಂಡಳಂತೆ. ಆ ಎರಡು ಮಾತು ಮುಗಿಯುವ ಮೊದಲೇ ಅಟ್ಟಣಿಗೆ ಕುಳಿತುಬಿಟ್ಟಿತು. ಐದು ಜನ ಬಿದ್ದರು, ನಾಲ್ವರು ಎದ್ದರು. ಏಳದವಳು ಮುದಿ ನ್ಯಾಯಾಧೀಶನ ಪಾತ್ರ ಮಾಡುತ್ತಿದ್ದ ಹುಡುಗಿ, ಬಿಳಿ ಗಡ್ಡ ಅಂಟಿಸಿಕೊಂಡಿದ್ದ ಇಪ್ಪತ್ತರ ಹುಡುಗಿ. ಸೊಂಟದ ಕೆಳಗೆ ಇನ್ನು ಚಲನೆ ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ.

ವಿಚಾರಣೆಯ ಕೋಣೆಯಲ್ಲಿ ಮೇಜಿನ ಆಚೆ ಐದು ಕುರ್ಚಿ, ಈಚೆ ಒಂದು ಸ್ಟೂಲು. ತಾವು ಕೇಳಿದ ಮೊದಲ ಪ್ರಶ್ನೆ ವರದಿಯಲ್ಲೇ ದಾಖಲಾಗಿದೆ: “ಪರದೆ ಎಳೆಯುವ ಸಂಪೂರ್ಣ ಅಧಿಕಾರ ನಿಮಗಿತ್ತು. ಏಕೆ ಎಳೆಯಲಿಲ್ಲ?” ಇದನ್ನು ಕೇಳುವಾಗ ತಮ್ಮ ನಾಲಿಗೆ ತಡವರಿಸಲಿಲ್ಲವೆ? ಎಳೆದವಳ ನಡತೆ ಪತ್ರಕ್ಕೆ ಸಹಿ ಹಾಕಿದ್ದು ಇದೇ ಕೈಯಲ್ಲವೆ? ‘ವಿದ್ಯಾರ್ಥಿನಿ ಉತ್ತರಿಸಲಿಲ್ಲ’ ಎಂದು ಬರೆಸಿದ್ದೀರಿ. ಉತ್ತರ ಆ ಕೋಣೆಯಲ್ಲೇ, ಮೇಜಿನ ಆಚೆ, ನಡುವಿನ ಕುರ್ಚಿಯಲ್ಲಿ ಕುಳಿತಿತ್ತು.

ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಮಲಗಿದ್ದ ಹುಡುಗಿ ಬಯ್ಯಲಿಲ್ಲ, ಅಳಲೂ ಇಲ್ಲ. “ನಿಂಗೆ ಗೊತ್ತಿತ್ತಾ?” ಎಂದಷ್ಟೇ ಕೇಳಿದಳು.

“ಗೊತ್ತಿತ್ತು ಕಣೇ.”

ಅವಳು ಕಣ್ಣು ಮುಚ್ಚಿಕೊಂಡಳು. ಅವಳ ತಾಯಿ ನಮ್ಮಿಬ್ಬರಿಗೂ ಬಾಗಿಲು ತೋರಿಸಿದರು. ಅಂದಿನಿಂದ ನನ್ನ ಮಗಳು ಮನೆಯಲ್ಲಿ ಬೇಕು, ಬೇಡ ಎಂಬ ಎರಡು ಮಾತಷ್ಟೇ ಆಡುತ್ತಾಳೆ.

ಟೇಪುವನ್ನೂ ಹುಡುಕಿಕೊಂಡು ಹೋದೆ. ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಜನರ ಕಿಟಕಿಗಳಿಗೆ ಪರದೆ ಅಳತೆ ಮಾಡುವ ಕೆಲಸ. ನಾನು ಯಾರೆಂದು ಹೇಳಿ, ನಿನ್ನನ್ನೇ ತೋರಿಸಿ ಮಗಳನ್ನು ಹೆದರಿಸಿದೆ ಎಂದು ಒಪ್ಪಿಕೊಂಡೆ. ಅವಳು ಬಟ್ಟೆ ಮಡಿಸುತ್ತಲೇ ಹೇಳಿದಳು: “ಆಂಟಿ, ಒಂದು ವರ್ಷ ನಾನೇ ತಪ್ಪು ಮಾಡ್ದೆ ಅಂದ್ಕೊಂಡು ಬದುಕಿದ್ದೆ. ಸರಿಯಾಗೇ ಮಾಡಿದ್ದೆ ಅಂತ ಈಗ ಗೊತ್ತಾಯ್ತು. ಹೀಗೆ ಗೊತ್ತಾಗೋದು ಬೇಡಿತ್ತು.”

ಮಾನ್ಯರೇ, ಈ ವರ್ಷದ ನಾಟಕಕ್ಕೆ ‘ನಾಯಕತ್ವದ ಆಸಕ್ತಿಯುಳ್ಳವರಿಂದ ಅರ್ಜಿ’ ಕರೆದು ಸೂಚನಾ ಫಲಕದಲ್ಲಿ ಹಾಕಿಸಿದ್ದೀರಂತೆ. ನನ್ನ ಮಗಳ ಶಿಕ್ಷೆ ಕಡಿಮೆ ಮಾಡಿ ಎಂದು ಬೇಡುವುದಿಲ್ಲ. ಟೇಪುವಿನ ನಡತೆ ಪತ್ರದ ಆ ಸಾಲನ್ನು ಹೊಡೆದುಹಾಕಿ, ‘ಹನ್ನೊಂದು ಜನರ ಜೀವ ಉಳಿಸಿದವಳು’ ಎಂದು ಬರೆದುಕೊಡಿ. ವರದಿಗೆ ಹತ್ತನೆಯ ಪುಟ ಸೇರಿಸಿ ತಮ್ಮ ಹಸಿರು ಶಾಯಿಯ ಹಾಳೆಯನ್ನು ಅಲ್ಲಿ ಲಗತ್ತಿಸಿ. ಅರ್ಜಿ ಹಾಕುವ ಪ್ರತಿ ಮಗುವಿಗೂ ಆ ಹತ್ತೂ ಪುಟ ಓದಲು ಕೊಡಿ. ಇದಿಷ್ಟು ಆಗುವವರೆಗೆ ಆ ಫಲಕದ ಸೂಚನೆಯನ್ನು ಕಿತ್ತುಹಾಕಿ. ತಾವು ಕೀಳದಿದ್ದರೆ ನಾನೇ ಬಂದು ಕೀಳುತ್ತೇನೆ. ಅಶಿಸ್ತು ಎಂದು ತಾವು ಬರೆಯಲು ನನ್ನ ಬಳಿ ನಡತೆ ಪತ್ರವಿಲ್ಲ.

ಇಂತಿ,
ಮಗಳು ಕೇಳಿದಾಗ ‘ನಿಲ್ಲಿಸು’ ಎನ್ನದೆ ಡ್ಯೂಟಿಗೆ ಹೋದ
ಒಬ್ಬ ತಾಯಿ