ಬೀಗಿತ್ತಿಯ ಕೂದಲು, ನನ್ನ ಹರಕೆ

ಆಸ್ಪತ್ರೆ, ಎರಡನೇ ಮಹಡಿ
ಗುರುವಾರ, ಮಧ್ಯಾಹ್ನ

ಪ್ರೀತಿಯ ಗುಂಡಮ್ಮ,

ಅಮ್ಮನ ಆಶೀರ್ವಾದ. ಮಲಗಿಕೊಂಡೇ ಓದು, ಎದ್ದು ಕೂರಬೇಡ. ಹೆರಿಗೆಯಾಗುವವರೆಗೆ ಹಾಸಿಗೆ ಬಿಟ್ಟು ಇಳಿಯಕೂಡದು ಎಂದು ನಿನ್ನ ಡಾಕ್ಟರ್ ಹೇಳಿದ್ದು ಮಾತಿನ ಚಂದಕ್ಕಲ್ಲ. ಅಳಿಯಂದಿರು ನಿನ್ನನ್ನು ಬಿಟ್ಟು ಬರುವ ಹಾಗಿಲ್ಲ, ನೀನಂತೂ ಬರುವ ಹಾಗೇ ಇಲ್ಲ. ಹೀಗಾಗಿ ನಿನ್ನ ಅತ್ತೆಯ ಮಂಚದ ಪಕ್ಕ ಕೂರುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಗೆ ಏನಾಯಿತೆಂದು ನಿನಗೆ ಗೊತ್ತು, ಹೇಗಾಯಿತೆಂದು ಗೊತ್ತಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ.

ತಿಂಗಳ ಹಿಂದೆ ಬೀಗಿತ್ತಿ ತಾವು ಓಡಿಸುವ ಬಸ್ಸಿನ ಮೆಟ್ಟಿಲಲ್ಲೇ ಜಾರಿ ತಲೆಗೆ ಪೆಟ್ಟು ಮಾಡಿಕೊಂಡರಲ್ಲ, ಪೇಟ ಇತ್ತು, ಏನೂ ಆಗಿಲ್ಲ ಎಂದು ನಕ್ಕು ಮತ್ತೆ ಸ್ಟೀರಿಂಗ್ ಹಿಡಿದಿದ್ದರು. ಮೊನ್ನೆ ಬಲಗೈ ಮರಗಟ್ಟಿತಂತೆ. ಬಸ್ಸನ್ನು ಸ್ಟಾಪಿನಲ್ಲಿ ಒತ್ತಿ ನಿಲ್ಲಿಸಿ, ಜನರನ್ನೆಲ್ಲ ಇಳಿಸಿ, ಕೀಲಿಯನ್ನು ಕಂಡಕ್ಟರ್ ಕೈಗಿಟ್ಟು, ಆಮೇಲೆ ಬಿದ್ದರು. ಬೀಳುವುದರಲ್ಲೂ ಶಿಸ್ತು! ತಲೆಬುರುಡೆಯೊಳಗೆ ರಕ್ತ ನಿಂತಿದೆ, ತೂತು ಕೊರೆದು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ, ಅದಕ್ಕೆ ಮೊದಲು ಒಂದು ಕಡೆ ಕೂದಲು ಬೋಳಿಸಬೇಕು ಎಂದರು ಡಾಕ್ಟರ್. ಬೀಗಿತ್ತಿ ಆಗುವುದಿಲ್ಲ ಎಂದರು. ಕೊರೆಯುವುದಕ್ಕೆ ಅವರ ತಕರಾರಿರಲಿಲ್ಲ, ಬೋಳಿಸುವುದಕ್ಕಿತ್ತು.

ಆಗ ನೀನು ಫೋನ್ ಮಾಡಿ, ಹೇಗಾದರೂ ಒಪ್ಪಿಸಿ ಅಮ್ಮನನ್ನು ಉಳಿಸು ಎಂದು ಗೋಳಾಡಿದೆ. ಅಮ್ಮ ಎಂದರೆ ನಾನಲ್ಲವೇ ಎಂದು ಒಂದು ಕ್ಷಣ ತಬ್ಬಿಬ್ಬಾದೆ. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಪಾರ್ಲರಿನಲ್ಲಿ ಕಂಡವರ ಕೂದಲು ಕತ್ತರಿಸಿ ನಿನ್ನನ್ನು ಸಾಕಿದವಳು ನಾನು. ನೀನೋ ಮದುವೆಯಾಗಿ ಆ ಸಿಖ್ಖರ ಮನೆ ಸೇರಿ, ಅಮೃತ ತೆಗೆದುಕೊಂಡು ಅವರ ದೀಕ್ಷೆ ಪಡೆದು, ಇನ್ನು ಕೂದಲಿಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದವಳು. ಈಗ ಅದೇ ಕೂದಲಿನ ರಾಯಭಾರಕ್ಕೆ ಕತ್ತರಿಯವಳನ್ನೇ ಕಳಿಸಿದೆಯಲ್ಲ, ಕುರಿ ಕಾಯಲು ತೋಳನನ್ನು ಬಿಟ್ಟ ಹಾಗೆ.

ನಾನು ಹೋದಾಗ ಅವರು ದಿಂಬಿಗೊರಗಿ, ಕಣ್ಣು ಮುಚ್ಚಿ, ತುಟಿಯಲ್ಲೇ ನಾಮ ಹೇಳಿಕೊಳ್ಳುತ್ತಿದ್ದರು. ಮುಗಿಯುವವರೆಗೆ ಕಾದು, ಕೂದಲು ಮತ್ತೆ ಬೆಳೆಯುತ್ತೆ ಬೀಗಿತ್ತಿ, ತಲೆ ಬೆಳೆಯುತ್ತಾ ಎಂದು ಕೇಳಿದೆ. ಅವರು ನಕ್ಕರು. ಬೆಳೆಯೋದೇನೋ ಬೆಳೆಯುತ್ತೆ, ಕೊಟ್ಟ ಮಾತು ಬೆಳೆಯಲ್ಲ ನೋಡಿ ಅಂದರು. ಅಮೃತ ತಗೊಂಡ ದಿನ ಐದು ವಸ್ತು ಮೈಮೇಲಿಂದ ಬಿಡಲ್ಲ ಅಂದಿದ್ದೀನಿ. ಬಾಚಣಿಗೆ, ಉಕ್ಕಿನ ಬಳೆ, ಕಿರ್ಪಾಣು ಅನ್ನೋ ಸಣ್ಣ ಕತ್ತಿ, ಒಳಗೆ ಹಾಕೋ ಚಡ್ಡಿ, ಈ ನಾಲ್ಕೂ ಅಂಗಡೀಲಿ ಸಿಗುತ್ತೆ. ಕೂದಲೊಂದೇ ಆ ದೇವರು ಕೊಟ್ಟಿದ್ದು. ಅವನು ಕೊಟ್ಟ ಹಾಗೇ ಇಟ್ಕೋತೀನಿ ಅಂದಮೇಲೆ ಮುಗೀತು. ಹೀಗೆ ಹೇಳಿ ನನ್ನ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ಸಾಯಲು ಸಿದ್ಧರಾದವರು ಉಪಚಾರಕ್ಕೇನೂ ಕಡಿಮೆ ಮಾಡಲಿಲ್ಲ.

ಎಲ್ಲವೂ ದೇವರ ಹುಕುಂ ಎನ್ನುತ್ತೀರಿ, ಈ ಡಾಕ್ಟರ್ ಬಂದದ್ದೂ ಹುಕುಮ್ಮೇ ಅಲ್ಲವೇ ಎಂದೆ. ಕತ್ತರಿ ಹಿಡಿದೋರು ತತ್ವ ಹೇಳಬಾರದು ಎಂದುಬಿಟ್ಟರು. ಆದರೆ ಸಂಜೆಯ ಹೊತ್ತಿಗೆ ಮಾತಿನ ನಡುವೆಯೇ ಅವರಿಗೆ ಜೊಂಪು ಹತ್ತತೊಡಗಿತು. ಇದು ಒಳ್ಳೆಯ ಲಕ್ಷಣವಲ್ಲ, ನಾಳೆಯೊಳಗೆ ತೀರ್ಮಾನವಾಗಲಿ ಎಂದರು ಡಾಕ್ಟರ್.

ಹೇಳುವವರು ಹೇಳಿದರೆ ಕೇಳಿಯಾರು ಎಂದುಕೊಂಡು ನಿಮ್ಮ ಗುರುದ್ವಾರಕ್ಕೆ ಹೋದೆ. ನಿನ್ನ ಮದುವೆಯ ದಿನ ಮುಖ ಊದಿಸಿಕೊಂಡು ಕೂತಿದ್ದರಿಂದ ಅಲ್ಲಿ ನಾನು ಏನನ್ನೂ ನೋಡಿರಲಿಲ್ಲ. ಈಗ ಚಪ್ಪಲಿ ಬಿಟ್ಟು, ಕಾಲು ತೊಳೆದು, ಸೆರಗು ಹೊದ್ದು ಒಳಗೆ ಹೋದೆ. ಮೂರ್ತಿ ಹುಡುಕಿದೆ, ಇರಲಿಲ್ಲ. ಬಟ್ಟೆ ಹೊದಿಸಿದ ಗ್ರಂಥ, ಅದರ ಹಿಂದೆ ಚಾಮರ ಬೀಸುತ್ತ ಗ್ರಂಥಿ, ಎಂದರೆ ಅದನ್ನು ಓದುವವರು. ಅದೇ ಗುರು ಎಂದು ನೀನೇ ಹೇಳಿದ್ದೆಯಲ್ಲ. ಹಣೆ ನೆಲಕ್ಕೆ ತಾಗಿಸಿದೆ. ತಾಗಿಸಿದವಳಿಗೆ ಏನು ಬೇಡಬೇಕೆಂದು ತೋಚದೆ, ಕೈಯಲ್ಲಿದ್ದ ಒಂದೇ ದಾರಿ ಹಿಡಿದೆ. ಬೀಗಿತ್ತಿ ಬದುಕಿದರೆ ನನ್ನ ತಲೆಗೂದಲನ್ನೆಲ್ಲ ನಿನಗೆ ಒಪ್ಪಿಸುತ್ತೇನೆ ಗುರುವೇ ಎಂದು ಹರಕೆ ಹೊತ್ತೆ.

ನಗಬೇಡ, ಹೊಟ್ಟೆ ಅಲುಗಾಡೀತು.

ಅಷ್ಟಕ್ಕೇ ಬಿಡಲಿಲ್ಲ. ಗ್ರಂಥಿಯವರ ಬಳಿ ಹೋಗಿ, ಕೂದಲು ಒಪ್ಪಿಸುವುದು ಇಲ್ಲಿ ಯಾವ ವಾರ, ಬೋಳಿಸಲು ನಿಮ್ಮವರೇ ಇದ್ದಾರೋ ಅಥವಾ ನನ್ನ ಕತ್ತರಿ ನಾನೇ ತರಬೇಕೋ ಎಂದು ವಿಚಾರಿಸಿದೆ. ಪುಣ್ಯಾತ್ಮರು ಬಹಳ ಹೊತ್ತು ಕೆಮ್ಮಿದರು. ಆಮೇಲೆ, ಅಮ್ಮಾ, ಇಲ್ಲಿ ಹರಕೆ ಇಲ್ಲ, ಅವನ ಹತ್ರ ಏನು ಇಲ್ಲ ಅಂತ ನಾವು ಕೊಡೋದು ಅಂದರು. ಹಾಗಾದರೆ ಕೂದಲು ತೆಗೆಸಲು ಬೀಗಿತ್ತಿಗೆ ಅಪ್ಪಣೆಯನ್ನಾದರೂ ಕೊಡಿ ಎಂದೆ. ನಾನು ಓದೋನು ಅಷ್ಟೇ, ನಮ್ಮಲ್ಲಿ ಪುರೋಹಿತರು ಅಂತ ಇಲ್ಲ. ಜೀವ ಉಳಿಸೋಕಾದರೆ ಸರಿ ಅನ್ನೋರೂ ಇದ್ದಾರೆ, ಪ್ರಾಣ ಹೋದರೂ ಬೇಡ ಅನ್ನೋರೂ ಇದ್ದಾರೆ, ಅದು ಅವರ ಮನಸ್ಸಿಗೆ ಬಿಟ್ಟಿದ್ದು ಅಂದರು. ಮಾತು ತಪ್ಪಿದೆ ಅನ್ನಿಸಿದರೆ ಅಮೃತ ಕೊಡೋ ಐವರ ಮುಂದೆ ನಿಂತು ಒಪ್ಪಿಕೊಂಡು, ಅವರು ಹೇಳಿದ ಸೇವೆ ಮಾಡಿ ಮತ್ತೆ ಅಮೃತ ತಗೋಬಹುದು ಎಂದೂ ಹೇಳಿದರು. ನನಗೆ ಮಾತ್ರ, ಊಟ ಮಾಡಿ ಹೋಗಿ, ಕೈಲಾದರೆ ಪಾತ್ರೆ ತೊಳೆಯೋ ಕಡೆ ಜನ ಸಾಲದು ಎಂದರು.

ನೆಲದ ಮೇಲೆ ಉದ್ದಕ್ಕೆ ಸಾಲು. ಯಾರ ಪಕ್ಕ ಯಾರು ಎಂದು ಕೇಳುವಂತಿಲ್ಲ. ನನ್ನ ಪಾರ್ಲರಿಗೆ ಬರುವ ಬ್ಯಾಂಕ್ ಮ್ಯಾನೇಜರಮ್ಮ, ಕುರ್ಚಿಗೆ ತನ್ನದೇ ಟವೆಲ್ ಹಾಸದೆ ಕೂರದವಳು, ಅಲ್ಲಿ ಬಗ್ಗಿ ಬಗ್ಗಿ ರೊಟ್ಟಿ ಬಡಿಸುತ್ತಿದ್ದಳು. ನಾನು ಎರಡೂ ಕೈ ಒಡ್ಡಿ ಇಸಿದುಕೊಂಡೆ. ಅವಳಿಗೂ ನಾಚಿಕೆಯಾಗಲಿಲ್ಲ, ನನಗೂ ಆಗಲಿಲ್ಲ. ಆಮೇಲೆ ಸೊಂಟ ಬೀಳುವವರೆಗೆ ತಟ್ಟೆ ತೊಳೆದು ಆಸ್ಪತ್ರೆಗೆ ಮರಳಿದೆ. ಅಲ್ಲಿ ನಡೆಯದಿದ್ದರೇನು, ಹೊತ್ತ ಹರಕೆ ಹೊತ್ತದ್ದೇ ಎಂದು ಮನಸ್ಸಿನಲ್ಲಿತ್ತು.

ಬೆಳಿಗ್ಗೆ ಬೀಗಿತ್ತಿ ಸ್ವಲ್ಪ ಗೆಲುವಾಗಿದ್ದರು. ಹೇಳಬೇಕಾದದ್ದೆಲ್ಲ ಹೇಳಿ ಮುಗಿದಿತ್ತು, ಸುಮ್ಮನೆ ಕೂರಲಾರದೆ ಹರಕೆಯ ಕಥೆ ಹೇಳಿದೆ. ಯಾವ ವಾರ ಎಂದು ಕೇಳಿದ್ದನ್ನೂ ಬಿಡಲಿಲ್ಲ. ಅವರು ನಕ್ಕ ನಗುವಿಗೆ ನರ್ಸ್ ಓಡಿಬಂದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡವರು ಇದ್ದಕ್ಕಿದ್ದಂತೆ ಗಂಭೀರರಾದರು. ನೀವು ಕೂದಲು ಕೊಟ್ಟು ದೇವರನ್ನ ಕೊಳ್ಳೋಕೆ ಹೊರಟ್ರಿ, ನಾನು ಕೂದಲು ಇಟ್ಕೊಂಡು ಕೊಳ್ಳೋಕೆ ಹೊರಟೆ, ಇಬ್ರೂ ಸಂತೆಗೆ ಬಂದೋರೇ ಬಿಡಿ ಎಂದರು. ಹಿಂದಿನ ದಿನವೆಲ್ಲ ಅದನ್ನೇ ಯೋಚಿಸುತ್ತಿದ್ದರಂತೆ. ತಾವು ಹಿಡಿದಿರುವುದು ಕೊಟ್ಟ ಮಾತನ್ನೋ, ಮಾತು ಉಳಿಸಿಕೊಂಡವಳು ಎಂಬ ಜಂಬವನ್ನೋ ಎಂದು. ಅಹಂಕಾರಕ್ಕಿಂತ ದೊಡ್ಡ ರೋಗ ಇಲ್ಲ ಅಂತ ದಿನಾ ಓದ್ತೀನಿ, ಅದು ನನ್ನ ತಲೇಲೇ ಹೆಪ್ಪುಗಟ್ಟಿರಬಹುದಲ್ವಾ ಎಂದರು.

ಆಮೇಲೆ ಒಂದು ಕರಾರು ಹಾಕಿದರು. ನೀವು ನಿಮ್ಮ ಹರಕೆ ಬಿಡಿ, ಒಂದೆಳೆ ಕೂದಲೂ ಯಾರಿಗೂ ಕೊಡಕೂಡದು. ನಾನು ಡಾಕ್ಟರಿಗೆ ಎಷ್ಟು ಬೇಕೋ ಅಷ್ಟೇ ಬಿಡ್ತೀನಿ, ಅದೂ ನಿಮ್ಮ ಕೈಯಿಂದ. ಐವರ ಮುಂದೆ ನಾನು ಹೇಳ್ಕೋತೀನಿ.

ಅವರಿಗೆ ಗೊತ್ತಿರಲಿಲ್ಲ. ಹರಕೆ ತಪ್ಪಿದರೆ ಯಾರಿಗಾಗಿ ಹೊತ್ತೆವೋ ಅವರಿಗೇ ತಟ್ಟುತ್ತದೆ ಎಂದು ನಂಬಿಸಿ ನನ್ನನ್ನು ಬೆಳೆಸಿದ್ದಾರೆ. ಹರಕೆ ಬಿಡದಿದ್ದರೆ ಅವರು ಆಪರೇಷನ್ನಿಗೆ ಒಪ್ಪುವುದಿಲ್ಲ. ಬಿಟ್ಟರೆ ಆಪರೇಷನ್ ಮಧ್ಯೆಯೇ ಏನಾದರೂ ಆದೀತು. ನನಗೆ ನಿಜವಾಗಿ ಹೆದರಿಕೆಯಾಯಿತು. ಆಗಲಿ ಬೀಗಿತ್ತಿ ಎಂದೆ.

ಡಾಕ್ಟರನ್ನು ಕೇಳಿದರೆ ಎರಡು ಬೆರಳಗಲ ಸಾಕು, ಉಳಿದದ್ದನ್ನು ಬಿಗಿಯಾಗಿ ಹೆಣೆದು ಕೊಟ್ಟರೆ ಆಯಿತು ಎಂದರು. ಪೇಟ ಬಿಚ್ಚಿದೆ. ಕೂದಲು ಸೊಂಟದವರೆಗೆ ಇಳಿಯಿತು, ಅರ್ಧ ಬೆಳ್ಳಿ. ಅವರದೇ ಮರದ ಬಾಚಣಿಗೆಯಿಂದ ಬೈತಲೆ ತೆಗೆದೆ. ಅವರು ವಾಹೆಗುರು ಎಂದು ನಾಮ ಹೇಳುತ್ತಿದ್ದರು, ನಾನು ಕತ್ತರಿ ಆಡಿಸಿದೆ. ಕಸಕ್ಕೆ ಹಾಕದೆ ಬಿಳಿ ಬಟ್ಟೆಯಲ್ಲಿ ಕಟ್ಟಿ ಅವರ ಕೈಗೇ ಕೊಟ್ಟೆ. ಉಕ್ಕಿನ ಬಳೆಯನ್ನು ತೆಗೆಸದೆ ಅದರ ಮೇಲೆ ನರ್ಸ್ ಟೇಪು ಸುತ್ತಿದಳು. ಒಳಗೆ ಹೋಗುವಾಗ ಎಲ್ಲರಿಗೂ ಒಳ್ಳೆಯದಾಗಲಿ ಎಂದರು. ತಲೆಗೆ ತೂತು ಹಾಕುವವನಿಗೂ ಸೇರಿಸಿಯೇ ಎಂದು ಕಾಣುತ್ತದೆ.

ಕಾಯುವಾಗ ನಾನು ಆರಾಮಾಗಿಯೇ ಇದ್ದೆ. ಕಾಫಿ ಕುಡಿದೆ, ಮಗುವಿಗೆ ಟೋಪಿ ಹೆಣೆದೆ. ಹೇಳಿದ್ದಕ್ಕಿಂತ ತಡವಾಯಿತು, ಆಸ್ಪತ್ರೆ ಎಂದಮೇಲೆ ಆಗುತ್ತದೆ. ಎಚ್ಚರವಾದ ಮೇಲೆ ಒಳಗೆ ಬಿಟ್ಟರು. ಬೀಗಿತ್ತಿ ಕೈ ಚಾಚಿ ನನ್ನ ಜಡೆ ಹಿಡಿದು ಎಳೆದು ನೋಡಿದರು. ಬಲಗೈಯಲ್ಲೇ ಎಳೆದರು, ಚೆನ್ನಾಗಿಯೇ ನೋಯಿತು. ಇವತ್ತು ಗಂಜಿ ಕುಡಿದು, ಬಸ್ಸನ್ನು ಯಾರು ಓಡಿಸುತ್ತಿದ್ದಾರೆ ಎಂದು ಕೇಳಿದ್ದಾರೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಎಡಮಗ್ಗುಲಿಗೆ ಮಲಗು.

ಇಂತಿ,
ನಿನ್ನ ಇಬ್ಬರು ಅಮ್ಮಂದಿರಲ್ಲಿ ಕತ್ತರಿಯವಳು

ತಾ.ಕ.: ಆರಾಮಾಗಿದ್ದೆ ಎಂದು ಬರೆದದ್ದು ಸುಳ್ಳು. ತಡವಾದಾಗ ಹೊರಗೆ ಬಂದ ನರ್ಸ್ ನನ್ನ ಮುಖ ನೋಡದೆ ಓಡಿದಳು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಜಡೆಯನ್ನು ಬುಡದಲ್ಲಿ ಹಿಡಿದು, ಕತ್ತರಿ ಬಾಯಿ ತೆರೆದು ನಿಂತೆ. ಒಂದು ಸಲ ಒತ್ತಿದರೆ ಅವರು ಬದುಕುತ್ತಾರೆ ಎಂದು ನನ್ನ ಮೈಯೆಲ್ಲ ಹೇಳುತ್ತಿತ್ತು. ಒತ್ತದೆ ಇದ್ದು ಅವರು ಹೋಗಿಬಿಟ್ಟರೆ, ಕೊಂದವಳು ನಾನೇ ಎಂದು ಸಾಯುವವರೆಗೂ ನಂಬುತ್ತಿದ್ದೆ. ಆದರೂ ಕೊಟ್ಟ ಮಾತು ನೆನೆದು, ಕತ್ತರಿಯನ್ನು ಚೀಲಕ್ಕೆ ಹಾಕಿ ಹೊರಗೆ ಬಂದೆ. ನೀನು ಕೂದಲಿಗೆ ಕತ್ತರಿ ಯಾಕೆ ಹಾಕಿಸುವುದಿಲ್ಲ ಎಂದು ಮದುವೆಯಾದಾಗಿನಿಂದ ನಿನ್ನನ್ನು ಪೀಡಿಸುತ್ತಿದ್ದೆನಲ್ಲ. ಇನ್ನು ಕೇಳುವುದಿಲ್ಲ.